ಮುಂದೊಂದು, ಹಿಂದೊಂದು ಸೈಜಿನ ಟೈರ್: ಆಲ್ ವೀಲ್ ಡ್ರೈವ್ ಕಾರು ಹಾಳಾಗುತ್ತದೆಯೇ?

‘ಆಲ್ ವೀಲ್ ಡ್ರೈವ್ ಕಾರಿಗೆ ನಾಲ್ಕೂ ಟೈರ್ ಒಂದೇ ಸೈಜಿನದ್ದಿರಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸ್ ಹಾಳು’ ಎಂಬ ಮಾತನ್ನು ನೀವೂ ಕೇಳಿರಬಹುದು. ಆದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ನಿಸ್ಸಾನ್ ಜಿಟಿ-ಆರ್ ಕಾರಿಗೆ ಕಂಪನಿಯೇ ಮುಂದೆ 255/40, ಹಿಂದೆ 285/35 ಟೈರ್ ಕೊಟ್ಟಿದೆ. ರಿಮ್ ಎರಡೂ ಕಡೆ 20 ಇಂಚು. ಇದು ಹೇಗೆ ಸಾಧ್ಯ? ಲೆಕ್ಕ ಹಾಕಿ ನೋಡೋಣ.

ಟೈರ್ ಮೇಲಿನ ಅಂಕಿ ಏನು ಹೇಳುತ್ತದೆ?

255 ಎಂದರೆ ಟೈರಿನ ಅಗಲ, ಮಿಲಿಮೀಟರ್‌ಗಳಲ್ಲಿ. 40 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 40, ಅಂದರೆ 102 ಮಿ.ಮೀ. ರಿಮ್‌ನ 508 ಮಿ.ಮೀ.ಗೆ ಮೇಲೊಂದು, ಕೆಳಗೊಂದು ಗೋಡೆ ಸೇರಿಸಿದರೆ ಮುಂದಿನ ಚಕ್ರದ ಎತ್ತರ 712 ಮಿ.ಮೀ. ಇದೇ ಲೆಕ್ಕದಲ್ಲಿ ಹಿಂದಿನದು 707.5 ಮಿ.ಮೀ. ಅಗಲದಲ್ಲಿ 30 ಮಿ.ಮೀ. ವ್ಯತ್ಯಾಸವಿದ್ದರೂ ಎತ್ತರದಲ್ಲಿರುವುದು ಬರೀ 4.5 ಮಿ.ಮೀ. ಹಿಂದಿನ ಚಕ್ರ ಒಂದು ಕಿ.ಮೀ.ಗೆ ಸುಮಾರು ಮೂರು ಸುತ್ತು ಹೆಚ್ಚು ತಿರುಗುತ್ತದೆ, ಅಷ್ಟೇ. ಇಲ್ಲಿ ಮುಖ್ಯವಾಗುವುದು ಅಗಲವಲ್ಲ, ಸುತ್ತಳತೆ.

ಆ ವ್ಯತ್ಯಾಸವನ್ನು ಕಾರು ಹೇಗೆ ತಡೆದುಕೊಳ್ಳುತ್ತದೆ?

ಕಾರು ತಿರುವು ತೆಗೆದುಕೊಳ್ಳುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಆದ್ದರಿಂದ ಹಿಂದೆ-ಮುಂದೆ ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಇರಲೇಬೇಕು. ಕೆಲವು ಕಾರುಗಳಲ್ಲಿ ಈ ಕೆಲಸವನ್ನು ನಡುವಿನ ಡಿಫರೆನ್ಷಿಯಲ್ ಮಾಡುತ್ತದೆ. ಜಿಟಿ-ಆರ್‌ನಂಥ ಕಾರುಗಳಲ್ಲಿ ಕಂಪ್ಯೂಟರ್ ನಿಯಂತ್ರಿಸುವ ಕ್ಲಚ್ ಪ್ಲೇಟ್‌ಗಳು ಬೇಕಾದಷ್ಟು ಜಾರಿಕೊಡುತ್ತವೆ. ಸಣ್ಣ ವ್ಯತ್ಯಾಸ ಇದರಲ್ಲೇ ಕರಗಿಹೋಗುತ್ತದೆ.

ಹಾಗಾದರೆ ಅಪಾಯ ಎಲ್ಲಿದೆ?

ಒಂದೇ ಸೈಜಿನ ಟೈರ್‌ಗಳಲ್ಲೂ ಇರಬಹುದು! ಹೊಸ ಟೈರಿನ ಟ್ರೆಡ್ ಸುಮಾರು 8 ಮಿ.ಮೀ. ಇರುತ್ತದೆ. ಅದು ಸವೆದು 3 ಮಿ.ಮೀ.ಗೆ ಇಳಿದರೆ ಚಕ್ರದ ಎತ್ತರ 10 ಮಿ.ಮೀ. ಕಡಿಮೆಯಾಗುತ್ತದೆ. ದುಡ್ಡು ಉಳಿಸಲು ಎರಡೇ ಹೊಸ ಟೈರ್ ಹಾಕಿಸಿದರೆ ವ್ಯತ್ಯಾಸ ಜಿಟಿ-ಆರ್‌ನದ್ದಕ್ಕಿಂತ ದುಪ್ಪಟ್ಟು. ಆಗ ನೇರ ರಸ್ತೆಯಲ್ಲೂ ಕ್ಲಚ್ ಜಾರುತ್ತಲೇ ಇರಬೇಕು. ಬಿಸಿಯಾಗಿ ಬೇಗ ಸವೆಯುತ್ತದೆ.

ಮಹೀಂದ್ರ ಥಾರ್, ಮಾರುತಿ ಜಿಮ್ನಿಗಳ ಕಥೆ ಬೇರೆ. ಅವುಗಳಲ್ಲಿ ನಡುವಿನ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದಾಗ ಹಿಂದೆ-ಮುಂದಿನ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಕೆಸರು, ಮರಳಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಒಣ ಟಾರ್ ರಸ್ತೆಯಲ್ಲಿ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ಕೊನೆಯ ಮಾತು

ಆ ಮಾತು ಅರ್ಧ ಸತ್ಯ. ಕಂಪನಿ ಹೇಳಿದ ಸೈಜ್ ಹಿಂದೆ-ಮುಂದೆ ಬೇರೆ ಇದ್ದರೆ ಭಯ ಬೇಡ. ನಾವೇ ಸೈಜ್ ಬದಲಿಸುವುದು, ಹಳೆಯದು-ಹೊಸದು ಬೆರೆಸುವುದು ಬೇಡ. ಟೈರ್ ಅಂಗಡಿಗೆ ಹೋಗುವ ಮುನ್ನ ಕಾರಿನ ಕೈಪಿಡಿ ನೋಡಿ.