ಋಣದಾಸ್ಯ ಮತ್ತು ಬಿಡುಗಡೆ: ಒಂದು ಟಿಪ್ಪಣಿ

ಕಲಬುರಗಿ, ವಿಜಯಪುರಗಳ ಕಡೆಯಿಂದ ಪುಣೆಯ ಸ್ವಾರಗೇಟ ನಿಲ್ದಾಣಕ್ಕೆ ಬಂದಿಳಿಯುವ ಕೂಲಿಕಾರರಲ್ಲಿ ಮುಂಗಡ ಪಡೆದು ಬಂದವರೂ ಉಂಟು. ಆ ಹಣ ತೀರುವವರೆಗೆ ಅವರು ಸ್ವತಂತ್ರರೇ, ಅಧೀನರೇ? ಪ್ರಶ್ನೆ ಪ್ರಾಚೀನವಾದುದು.

ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ ನಾರದನನ್ನು ಅನುಸರಿಸಿ ಹದಿನೈದು ಬಗೆಯ ದಾಸರನ್ನು ಹೇಳುತ್ತದೆ. ಬಲಾತ್ಕಾರದಿಂದ ದಾಸನಾದವನನ್ನು ಬಿಡಲೇಬೇಕು. ಅನ್ನಕ್ಕಾಗಿ ದಾಸನಾದವನು ಆ ಅನ್ನವನ್ನು ತೊರೆದರೆ ಮುಕ್ತ. ಋಣದಾಸನು ಬಡ್ಡಿಸಹಿತ ಸಾಲ ತೀರಿಸಿದರೆ ಮುಕ್ತ. ಸಂನ್ಯಾಸದಿಂದ ಚ್ಯುತನಾದವನಾದರೋ ಮರಣಪರ್ಯಂತ ರಾಜದಾಸ. ಹೆಸರು ಒಂದೇ, ಸ್ಥಿತಿಗಳು ಹಲವು.

1843ರ 5ನೆಯ ಅಧಿನಿಯಮವು ದಾಸ್ಯವನ್ನು ಅಪರಾಧವೆನ್ನಲಿಲ್ಲ. ಒಡೆಯನ ಹಕ್ಕಿಗೆ ನ್ಯಾಯಾಲಯದ ಮನ್ನಣೆಯನ್ನಷ್ಟೇ ತೆಗೆಯಿತು. 1860ರ ದಂಡಸಂಹಿತೆಯು ದಾಸರ ಕ್ರಯವಿಕ್ರಯವನ್ನು ದಂಡಾರ್ಹಗೊಳಿಸಿತು. ಸಾಲಕ್ಕೆ ದುಡಿಯುವ ಜೀತವನ್ನು ದೇಶಾದ್ಯಂತ ರದ್ದುಗೊಳಿಸಿದ 1976ರ ಅಧಿನಿಯಮವು ಆ ಸಾಲವನ್ನೇ ಇಲ್ಲವಾಗಿಸಿತು. ಮಿತಾಕ್ಷರೆಯಲ್ಲಿ ಸಾಲ ತೀರಿದ ಮೇಲೆ ಬಿಡುಗಡೆ. ಇಲ್ಲಿ ಬಿಡುಗಡೆಯೊಡನೆ ಸಾಲವೂ ಅಳಿಯುತ್ತದೆ.

ಆದುದರಿಂದ ದಾಖಲೆಗಳನ್ನು ಓದುವಾಗ ‘ದಾಸ’ನೆಂಬ ಹೆಸರಿಗಿಂತ ಬಿಡುಗಡೆಯ ಷರತ್ತನ್ನು ಮೊದಲು ಪರಿಶೀಲಿಸಬೇಕೆಂದು ನಾವು ಭಾವಿಸುತ್ತೇವೆ. ಮುಂಗಡ ಪಡೆದು ಬಂದ ಕೂಲಿಕಾರನ ವಿಷಯದಲ್ಲಿಯೂ ಕೇಳಬೇಕಾದುದು ಇದನ್ನೇ: ಅವನು ಕೆಲಸ ಬಿಟ್ಟು ಹೋಗಬಲ್ಲನೇ?