ಹಳೆಯ ಹಾಡು ಹೊಸ ಚಿತ್ರದಲ್ಲಿ ದುಡಿಯಬೇಕು

ಹಾಸನದ ಬೂವನಹಳ್ಳಿಯಲ್ಲಿ ಹುಟ್ಟಿದ ಯಶ್ ನಾಯಕನಾಗಿದ್ದ ‘ಕೆ.ಜಿ.ಎಫ್: ಚಾಪ್ಟರ್ 1’ 2018ರ ಡಿಸೆಂಬರ್‌ನಲ್ಲಿ ಐದು ಭಾಷೆಗಳಲ್ಲಿ ತೆರೆಕಂಡಿತು. ಕನ್ನಡ ಅವತರಣಿಕೆಯ ಒಂದು ನೃತ್ಯ ಸನ್ನಿವೇಶದಲ್ಲಿ ತಮನ್ನಾ ಕುಣಿಯುವುದು ‘ಜೋಕೆ ನಾನು ಬಳ್ಳಿಯ ಮಿಂಚು’ ಹಾಡಿಗೆ. ಅದು ಹೊಸ ಹಾಡಲ್ಲ. 1970ರ ‘ಪರೋಪಕಾರಿ’ ಚಿತ್ರಕ್ಕೆ ಉಪೇಂದ್ರ ಕುಮಾರ್ ಸಂಯೋಜಿಸಿ, ಎಲ್.ಆರ್. ಈಶ್ವರಿ ಹಾಡಿದ್ದ ಗೀತೆಯನ್ನೇ ಹೊಸ ವಾದ್ಯಗಳೊಂದಿಗೆ ಮತ್ತೆ ಧ್ವನಿಮುದ್ರಿಸಿಕೊಳ್ಳಲಾಗಿತ್ತು. ಇದೇ ಚಿತ್ರದ ಹಿಂದಿ ಅವತರಣಿಕೆಯಲ್ಲಿ ಈ ಹಾಡು ಇಲ್ಲ. ಅಲ್ಲಿ 1989ರ ‘ತ್ರಿದೇವ್’ ಚಿತ್ರದ ‘ಗಲೀ ಗಲೀ’ ಹಾಡನ್ನು ತನಿಷ್ಕ್ ಬಾಗ್ಚಿ ಮರುರೂಪಿಸಿದರು, ಮೌನಿ ರಾಯ್ ಕುಣಿದರು. ಚಿತ್ರ ಒಂದೇ, ಕಥೆ ಒಂದೇ, ನಾಯಕನೂ ಒಬ್ಬನೇ. ಆದರೆ ಹಾಡು ಮಾತ್ರ ಭಾಷೆಗೆ ತಕ್ಕಂತೆ ಬದಲಾಯಿತು. ಸಂಭಾಷಣೆಯನ್ನು ಡಬ್ ಮಾಡಬಹುದು, ನೆನಪನ್ನು ಡಬ್ ಮಾಡಲಾಗದು ಎಂಬುದನ್ನು ಚಿತ್ರತಂಡ ಸರಿಯಾಗಿಯೇ ಅರಿತಿತ್ತು. ಹಳೆಯ ಜನಪ್ರಿಯ ಹಾಡು ಹೊಸ ಚಿತ್ರದಲ್ಲಿ ಏನು ಮಾಡುತ್ತದೆ, ಏನು ಮಾಡಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗಲಾರದು.

ಎರಡು ಆಯ್ಕೆಗಳನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ಚಿತ್ರದ ನಾಯಕ ರಾಕಿಯ ಕಥೆ ನಡೆಯುವುದು ಎಪ್ಪತ್ತರ ದಶಕದಲ್ಲಿ. 1970ರ ಹಾಡು ಆ ಕಾಲದ ಬೆಂಗಳೂರಿನಲ್ಲಿ ಯಾರ ಬಾಯಲ್ಲಾದರೂ ಇದ್ದಿರಬಹುದಾದ ಹಾಡು. ಬಟ್ಟೆಬರೆ, ಕಾರು, ಬೀದಿದೀಪಗಳು ಕಟ್ಟಿಕೊಡುವ ಕಾಲವನ್ನು ಈಶ್ವರಿಯವರ ನೆನಪು ತರುವ ಆ ರಾಗ ಇನ್ನಷ್ಟು ಗಟ್ಟಿ ಮಾಡುತ್ತದೆ. ‘ತ್ರಿದೇವ್’ ಹಾಡಾದರೋ ಕಥೆಯ ಕಾಲಕ್ಕಿಂತ ಸುಮಾರು ಹತ್ತು ವರ್ಷ ಈಚಿನದು. ಅದು ಕಥೆಯ ಕಾಲಕ್ಕೆ ಸೇರಿದ್ದಲ್ಲ, ಚಿತ್ರಮಂದಿರದಲ್ಲಿ ಕುಳಿತ ಪ್ರೇಕ್ಷಕನ ಹರೆಯಕ್ಕೆ ಸೇರಿದ್ದು. ಎರಡೂ ಜನರನ್ನು ಕುಣಿಸಿದವು, ನಿಜ. ಆದರೆ ಕನ್ನಡದ ಆಯ್ಕೆ ಪ್ರೇಕ್ಷಕನ ನೆನಪನ್ನು ಕರೆತಂದು ಕಥೆಯ ಒಳಗೆ ಕೂರಿಸಿತು. ಹಿಂದಿಯದು ಆ ನೆನಪನ್ನು ಕಥೆಯ ಹೊಸ್ತಿಲಲ್ಲೇ ಬಿಟ್ಟಿತು. ನಾನು ಹೇಳಹೊರಟಿರುವುದು ಇಷ್ಟೇ: ಜನ ಈಗಾಗಲೇ ಪ್ರೀತಿಸಿರುವ ಹಾಡನ್ನು ಬಳಸುವ ಚಿತ್ರ ಜನರ ನೆನಪನ್ನು ಸಾಲವಾಗಿ ಪಡೆಯುತ್ತದೆ. ಆ ಸಾಲ ತೀರಬೇಕಾದರೆ ಹಾಡಿಗೆ ಕಥೆಯೊಳಗೆ ಹೊಸ ಕೆಲಸ ಕೊಡಬೇಕು, ಜೊತೆಗೆ ಹಾಡು ಮಾಡಿದವರಿಗೆ ಸಲ್ಲಬೇಕಾದದ್ದು ಸಲ್ಲಬೇಕು. ಎರಡರಲ್ಲಿ ಒಂದು ತಪ್ಪಿದರೂ ಅದು ಬಳಕೆಯಲ್ಲ, ದುರ್ಬಳಕೆ.

ಈ ಮಾತನ್ನು ಒರೆಗೆ ಹಚ್ಚಲು ಯಶ್ ಹುಟ್ಟಿದ ಹಾಸನ ಸೀಮೆಯೇ ಸಾಕು. ಕನ್ನಡ ಚಿತ್ರರಂಗ ಎರವಲು ಪಡೆದ ಕಥೆಗಳಲ್ಲಿ ಕೆಲವು ಅತ್ಯುತ್ತಮವಾದವು ಈ ನೆಲದ ನಂಟಿನವು. ಅ.ನ. ಕೃಷ್ಣರಾಯರು ಹುಟ್ಟಿದ್ದು ಕೋಲಾರದಲ್ಲಾದರೂ ಅವರ ಹೆಸರಿನ ಮೊದಲ ಅಕ್ಷರ ಅರಕಲಗೂಡಿನದು. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಹೇಮಾವತಿ ದಂಡೆಯವರು. ಎಸ್.ಎಲ್. ಭೈರಪ್ಪನವರ ಸಂತೇಶಿವರ ಚನ್ನರಾಯಪಟ್ಟಣ ತಾಲ್ಲೂಕಿನದು. ಈ ಮೂವರ ಕಥೆಗಳೂ ತೆರೆಗೆ ಬಂದಿವೆ, ಮತ್ತು ಪ್ರತಿ ಚಿತ್ರವೂ ಹಾಡನ್ನು ತನ್ನದೇ ರೀತಿಯಲ್ಲಿ ನಡೆಸಿಕೊಂಡಿದೆ.

ಅನಕೃ ಅವರ ‘ಸಂಧ್ಯಾರಾಗ’ 1966ರಲ್ಲಿ ಚಿತ್ರವಾಯಿತು. ಬದುಕನ್ನೆಲ್ಲ ಸಂಗೀತಕ್ಕೆ ಒಪ್ಪಿಸಿದವನ ಕಥೆ ಅದು. ರಾಜ್‌ಕುಮಾರ್ ಗಾಯಕನ ಪಾತ್ರ ವಹಿಸಿದ್ದರು. ಇಂಥ ಕಥೆಯಲ್ಲಿ ಹಾಡು ಕಥೆಯನ್ನು ನಿಲ್ಲಿಸಿ ಬರುವಂತಿಲ್ಲ, ಹಾಡೇ ಕಥೆಯ ಘಟನೆಯಾಗಬೇಕು. ಸಿನಿಮಾ ಸಂಗೀತದಲ್ಲಿ ಪಳಗಿದ ಜಿ.ಕೆ. ವೆಂಕಟೇಶ್ ಅವರ ಜೊತೆ ಕರ್ನಾಟಕ ಸಂಗೀತದ ಎಂ. ಬಾಲಮುರಳಿಕೃಷ್ಣ ಕೈಜೋಡಿಸಿದರು. ಗದಗಿನ ನೆಲದಿಂದ ಬಂದ ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿ ‘ನಂಬಿದೆ ನಿನ್ನ ನಾದದೇವತೆಯೇ’ ಹಾಡಿದರು. ಇದರೊಂದಿಗೆ ಪುರಂದರದಾಸರ ‘ಈ ಪರಿಯ ಸೊಬಗು’ ಕೀರ್ತನೆಯೂ ಚಿತ್ರದಲ್ಲಿದೆ. ಶನಿವಾರದ ಭಜನೆಯಲ್ಲಿ, ಮನೆಯ ದೇವರಕೋಣೆಯಲ್ಲಿ ಹಾಡಿಕೊಂಡು ಬಂದ ಪದ ಅದು. ದೇವರ ಸೊಬಗನ್ನು ಹೊಗಳುವುದಷ್ಟೇ ಅಲ್ಲಿ ಅದರ ಕೆಲಸವಾಗಿತ್ತು. ಸಂಗೀತಗಾರನ ಕಥೆಯೊಳಗೆ ಬಂದಾಗ ಅದೇ ಪದ ಹಾಡುವವನನ್ನು ಅಳೆಯುವ ಅಳತೆಗೋಲಾಗುತ್ತದೆ. ಎಲ್ಲರಿಗೂ ಗೊತ್ತಿರುವ ಪದವನ್ನು ಒಬ್ಬ ಹೇಗೆ ಹಾಡುತ್ತಾನೆ ಎಂಬುದರಲ್ಲೇ ಅವನ ಸಾಧನೆ, ಅವನ ಸಂಕಟ ಎರಡೂ ಕೇಳಿಸುತ್ತವೆ. ಪ್ರೇಕ್ಷಕನಿಗೆ ಗೊತ್ತಿಲ್ಲದ ಹೊಸ ಹಾಡು ಈ ಕೆಲಸವನ್ನು ಇಷ್ಟು ಬೇಗ ಮಾಡಲಾರದು. ಹಳೆಯ ಹಾಡು ಇಲ್ಲಿ ಕಥೆಗೆ ಅನಿವಾರ್ಯ.

ಚನ್ನರಾಯಪಟ್ಟಣದಿಂದ ಕೆ.ಆರ್. ಪೇಟೆ ಕಡೆಗೆ ಹೊರಟರೆ ಸಿಗುವ ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರ ಊರು. ಮಂಡ್ಯ ಜಿಲ್ಲೆಗೆ ಸೇರಿದ್ದಾದರೂ ಮಾತು, ಮದುವೆ, ಸಂತೆಗಳಲ್ಲಿ ಈ ಸೀಮೆಗೆ ಬೇರೆಯಲ್ಲ. 1942ರಲ್ಲಿ ಬಂದ ‘ಮೈಸೂರು ಮಲ್ಲಿಗೆ’ಯ ಕವಿತೆಗಳನ್ನು ಸುಗಮ ಸಂಗೀತದ ಗಾಯಕರು ಮನೆಮನೆಗೆ ಮುಟ್ಟಿಸಿದ್ದರು. ಅವುಗಳನ್ನೇ ಪೋಣಿಸಿ ಟಿ.ಎಸ್. ನಾಗಾಭರಣ ಸ್ವಾತಂತ್ರ್ಯ ಹೋರಾಟದ ಕಾಲದ ಒಂದು ಕಥಾಚಿತ್ರ ಮಾಡಿದರು, ಸಿ. ಅಶ್ವಥ್ ಸಂಗೀತ ಕೊಟ್ಟರು. 1991ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಗೀತರಚನೆಯ ಗೌರವ ನರಸಿಂಹಸ್ವಾಮಿಯವರಿಗೆ ಸಂದಿತು. ಅರ್ಧ ಶತಮಾನದ ಹಿಂದೆ ಅಚ್ಚಾಗಿದ್ದ ಕವಿತೆಗಳಿಗೆ ಚಿತ್ರಗೀತೆಯ ಪ್ರಶಸ್ತಿ! ಪುಸ್ತಕದಲ್ಲಿ ಒಂದೊಂದು ಕವಿತೆಯೂ ದಾಂಪತ್ಯದ ಒಂದೊಂದು ಗಳಿಗೆ. ತೆರೆಯ ಮೇಲೆ ಅವುಗಳಿಗೆ ಹಿಂದುಮುಂದು ಬಂತು, ನಗುವಿನ ಹಾಡಿನ ಹಿಂದೆಯೇ ಅಗಲಿಕೆಯ ನೆರಳು ಬಿತ್ತು. ಹಾಗೆ ಮಾಡಿದ್ದರಿಂದ ಓದುಗ ಮನಸ್ಸಿನಲ್ಲಿ ಕಂಡಿದ್ದ, ಆ ಕವಿತೆಗಳ ನಾಯಕಿ ಪದುಮಳಿಗೆ ನಟಿಯೊಬ್ಬಳ ಮುಖ ಅಂಟಿಕೊಂಡಿತಲ್ಲ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕವಿತೆಗಳು ಪುಸ್ತಕದಲ್ಲಿ ಹಾಗೆಯೇ ಇವೆ, ಪುಸ್ತಕ ಮರುಮುದ್ರಣ ಆಗುತ್ತಲೇ ಇದೆ. ಚಿತ್ರ ಅವುಗಳಿಗೆ ಇನ್ನೊಂದು ಅರ್ಥವನ್ನು ಸೇರಿಸಿತೇ ಹೊರತು ಮೊದಲಿನದನ್ನು ಕಿತ್ತುಕೊಳ್ಳಲಿಲ್ಲ.

ಭೈರಪ್ಪನವರ ‘ಮತದಾನ’ 1965ರ ಕಾದಂಬರಿ. ಹಳ್ಳಿಯ ವೈದ್ಯನೊಬ್ಬ ಚುನಾವಣೆಯ ಸುಳಿಗೆ ಸಿಲುಕುವ ಈ ಕಥೆಯನ್ನು ಟಿ.ಎನ್. ಸೀತಾರಾಮ್ ತೆರೆಗೆ ತಂದರು. 2000ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ಅದರಲ್ಲಿ ಗೋಪಾಲಕೃಷ್ಣ ಅಡಿಗರ ‘ಅಳುವ ಕಡಲೊಳು’ ಕವಿತೆ ಹಾಡಾಗಿ ಬರುತ್ತದೆ. ಅಡಿಗರು ಅದನ್ನು ಬರೆದದ್ದು ಯಾವ ಚುನಾವಣೆಯನ್ನೂ ನೆನೆದಲ್ಲ. ಅಳು ಮತ್ತು ನಗು ಒಂದೇ ಉಸಿರಿನಲ್ಲಿ ಬರುವ, ಮನುಷ್ಯನ ಒಟ್ಟು ಬಾಳನ್ನೇ ನೋಡುವ ಕವಿತೆ ಅದು. ಜಾತಿ, ಹಣ, ಮುಲಾಜುಗಳ ನಡುವೆ ಒಂದು ಊರು ತನ್ನ ಮತವನ್ನು ಕಳೆದುಕೊಳ್ಳುವ ಕಥೆಯ ಪಕ್ಕದಲ್ಲಿ ನಿಂತಾಗ ಆ ಅಳು ಒಬ್ಬನದಾಗಿ ಉಳಿಯುವುದಿಲ್ಲ, ಊರಿನದಾಗುತ್ತದೆ. ಕವಿತೆಯ ಒಂದು ಅಕ್ಷರ ಬದಲಾಗದೆ ಅದರ ಅರ್ಥ ಹಿಗ್ಗಿತು. ಹೊಸ ಕೆಲಸ ಕೊಡುವುದು ಎಂದರೆ ಇದು. ಹಾಡಿನ ವೇಗ ಹೆಚ್ಚಿಸಿ, ಡ್ರಮ್ ಬಾರಿಸಿ, ನಡುವೆ ನಾಲ್ಕು ಇಂಗ್ಲಿಷ್ ಸಾಲು ತುರುಕುವುದು ಹೊಸ ಕೆಲಸವಲ್ಲ, ಹೊಸ ಅಂಗಿ ಮಾತ್ರ.

ಹಿನ್ನೆಲೆ ಸಂಗೀತಕ್ಕೂ ಇದೇ ನ್ಯಾಯ. ಹಾಡು ಹೊರಗಿನ ನೆನಪನ್ನು ಚಿತ್ರಕ್ಕೆ ತಂದರೆ, ಹಿನ್ನೆಲೆ ಸಂಗೀತ ಚಿತ್ರದ ಒಳಗೇ ನೆನಪನ್ನು ಬೆಳೆಸುತ್ತದೆ. ‘ಕೆ.ಜಿ.ಎಫ್’ನಲ್ಲಿ ರವಿ ಬಸ್ರೂರು ತಾಯಿಯ ಮಾತಿಗೆ ಒಂದು ನಾದ, ನಾಯಕನ ಆಗಮನಕ್ಕೆ ಒಂದು ಘೋಷ ಎಂದು ಗೊತ್ತುಮಾಡಿ, ಅವು ಮರಳಿ ಮರಳಿ ಬರುವಂತೆ ಮಾಡಿದರು. ಚಿತ್ರ ಮುಗಿಯುವ ಹೊತ್ತಿಗೆ ಪ್ರೇಕ್ಷಕನ ಪಾಲಿಗೆ ಅವೂ ಹಳೆಯ ಪರಿಚಿತರೇ. ಚಿತ್ರಕ್ಕೆಂದೇ ಕಟ್ಟಿದ ಹಾಡೂ ಹೀಗೆ ಕಥೆಗೆ ದುಡಿಯಬಲ್ಲದು. ಗೊರೂರರ ಕಥೆಯಿಂದ ಸಿದ್ದಲಿಂಗಯ್ಯ 1974ರಲ್ಲಿ ಮಾಡಿದ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಅವರ ‘ಮಲೆನಾಡ ಹೆಣ್ಣ ಮೈ ಬಣ್ಣ’ ಇಂದಿಗೂ ಜನ ಗುನುಗುವ ಹಾಡು. ಹಳ್ಳಿಯೊಂದು ಹಗೆಯಲ್ಲಿ ಬೇಯುವ ಕಥೆಯಲ್ಲಿ ಆ ಹಳ್ಳಿ ಕಳೆದುಕೊಳ್ಳಲಿರುವ ನೆಮ್ಮದಿ ಎಂಥದೆಂದು ಅದು ಮೊದಲೇ ತೋರಿಸಿಕೊಡುತ್ತದೆ. ಭೈರಪ್ಪನವರದೇ ‘ನಾಯಿ ನೆರಳು’ ಕಾದಂಬರಿಯನ್ನು 2006ರಲ್ಲಿ ಚಿತ್ರ ಮಾಡಿದ ಗಿರೀಶ ಕಾಸರವಳ್ಳಿ ಇನ್ನೊಂದು ದಾರಿ ಹಿಡಿದವರು. ಸಂಗೀತವನ್ನು ಅಳೆದು ತೂಗಿ ಬಳಸುವ ನಿರ್ದೇಶಕ ಅವರು. ಪುನರ್ಜನ್ಮವೋ ಭ್ರಮೆಯೋ ಎಂಬ ಅನುಮಾನವೇ ಕಥೆಯ ಜೀವಾಳವಾದಾಗ, ಸಂಗೀತ ಒಂದು ಪಕ್ಷಕ್ಕೆ ವಾಲಿದರೆ ಆ ಅನುಮಾನ ಸತ್ತುಹೋಗುತ್ತದೆ. ಹಾಡಿಗೆ ಕೆಲಸವಿಲ್ಲದ ಕಡೆ ಹಾಡು ಬೇಡ ಎನ್ನುವುದೂ ಹಾಡಿಗೆ ತೋರುವ ಗೌರವವೇ.

‘ಇಷ್ಟೆಲ್ಲ ಲೆಕ್ಕಾಚಾರ ಯಾಕೆ? ಸಿನಿಮಾ ವ್ಯಾಪಾರ. ಹಳೆಯ ಹಾಡು ಕೇಳಿ ಜನ ಶಿಳ್ಳೆ ಹೊಡೆದರೆ, ಹೊಸ ತಲೆಮಾರು ಅದನ್ನು ಹುಡುಕಿ ಕೇಳಿದರೆ ಒಳ್ಳೆಯದೇ ಅಲ್ಲವೇ?’ ಎನ್ನುವವರಿದ್ದಾರೆ. ಒಳ್ಳೆಯದೇ, ಸಂದೇಹವಿಲ್ಲ. ‘ಪರೋಪಕಾರಿ’ ಬಂದಾಗ ಹುಟ್ಟಿಯೇ ಇರದ ಎಷ್ಟೋ ಹುಡುಗರಿಗೆ ಈ ಹಾಡನ್ನು ‘ಕೆ.ಜಿ.ಎಫ್’ ಪರಿಚಯಿಸಿತು. ಜನ ಕುಣಿಯುವುದನ್ನು ಕೀಳೆಂದು ಕಾಣುವ ಮಾತೂ ಇದಲ್ಲ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಹಳೆಯ ಹಾಡಿಗೆ ಬೀಳುವ ಚಪ್ಪಾಳೆಯಲ್ಲಿ ಅಪ್ಪಟ ಪ್ರೀತಿಯಿದೆ. ಆದರೆ ಆರ್ಕೆಸ್ಟ್ರಾ ಹಾಡನ್ನು ಹಾಡಾಗಿಯೇ ಕೊಡುತ್ತದೆ, ತನ್ನದೊಂದು ಕಥೆ ಹೇಳುತ್ತೇನೆಂದು ಟಿಕೆಟ್ ಮಾರುವುದಿಲ್ಲ. ಕಥೆ ಸೊರಗಿದ ಜಾಗದಲ್ಲೆಲ್ಲ ಹಳೆಯ ಹಾಡಿನ ತುಣುಕು ಹಾಕಿ ನಗು, ಚಪ್ಪಾಳೆ ಗಿಟ್ಟಿಸುವ ಚಿತ್ರ ಮಾತ್ರ ಬೇರೆಯವರು ಬೆಳೆದದ್ದನ್ನು ಕೊಯ್ದುಕೊಳ್ಳುತ್ತಿದೆ. ಒಂದು ಸುಲಭ ಪರೀಕ್ಷೆ ಇದೆ. ಆ ಹಾಡನ್ನು ತೆಗೆದು ಅಷ್ಟೇ ಜನಪ್ರಿಯವಾದ ಇನ್ನೊಂದನ್ನು ಅಲ್ಲಿಟ್ಟರೆ ದೃಶ್ಯಕ್ಕೆ ಏನೂ ನಷ್ಟವಾಗದಿದ್ದರೆ, ಆ ಹಾಡು ಅಲ್ಲಿ ಬರೀ ಅಲಂಕಾರಕ್ಕಿದೆ ಎಂದೇ ಅರ್ಥ.

ಇನ್ನು ಹಕ್ಕಿನ ಮಾತು. 1960ರಲ್ಲಿ ಶುರುವಾದ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಅಂಗಳದಲ್ಲಿ ಚಿತ್ರೀಕರಣಗೊಂಡ ‘ಕಿರಿಕ್ ಪಾರ್ಟಿ’ 2016ರ ಕೊನೆಗೆ ತೆರೆಕಂಡಿತು. ಅದರ ‘ಹೇ ಹೂ ಆರ್ ಯೂ’ ಹಾಡು 1991ರ ‘ಶಾಂತಿ ಕ್ರಾಂತಿ’ ಚಿತ್ರಕ್ಕೆ ಹಂಸಲೇಖ ಸಂಯೋಜಿಸಿದ ‘ಮಧ್ಯರಾತ್ರೀಲಿ’ ಹಾಡಿನ ನಕಲು ಎಂದು ಲಹರಿ ಆಡಿಯೊ ಸಂಸ್ಥೆ ದೂರಿತು, ವಿವಾದ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಎಳೆಯಿತು. 2024ರ ‘ಬ್ಯಾಚುಲರ್ ಪಾರ್ಟಿ’ ಚಿತ್ರದಲ್ಲಿ ‘ಗಾಳಿ ಮಾತು’ ಮತ್ತು ‘ನ್ಯಾಯ ಎಲ್ಲಿದೆ’ ಚಿತ್ರಗಳ ಹಾಡುಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಎಂಆರ್‌ಟಿ ಮ್ಯೂಸಿಕ್ ದೂರಿತು; ಆ ವಿವಾದ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಯಾರದು ಸರಿ ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಇಂಥ ಜಗಳಗಳು ಮತ್ತೆ ಮತ್ತೆ ಏಳುತ್ತಿರುವುದು ಮಾತ್ರ ನಮ್ಮಲ್ಲಿ ಹಾಡಿನ ಹಕ್ಕಿನ ವ್ಯವಹಾರ ಇನ್ನೂ ಹದಕ್ಕೆ ಬಂದಿಲ್ಲ ಎಂಬುದರ ಗುರುತು.

ರಾಗಗಳು ಯಾರಪ್ಪನ ಆಸ್ತಿಯೂ ಅಲ್ಲ, ಎಲ್ಲ ಹಾಡೂ ಹಿಂದಿನ ಹಾಡಿನಿಂದಲೇ ಹುಟ್ಟುತ್ತದೆ ಎಂಬ ವಾದವನ್ನು ಒಪ್ಪುತ್ತೇನೆ. ರಾಗ ಎಲ್ಲರದು, ಪುರಂದರದಾಸರ ಸಾಹಿತ್ಯ ಎಲ್ಲರದು. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ ತನ್ನ ಹೆಸರನ್ನೇ ಪಡೆದುಕೊಂಡ ಗೋವಿನ ಹಾಡೂ ಎಲ್ಲರದು. ಆದರೆ ರಾಗದಿಂದ ಒಬ್ಬರು ಕಟ್ಟಿದ ಮಟ್ಟು ಅವರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಗೆ 60 ವರ್ಷಗಳ ರಕ್ಷಣೆಯಿದೆ. 1970ರ ಧ್ವನಿಮುದ್ರಿಕೆಗೆ ಅದು 2030ರವರೆಗೂ ಸಲ್ಲುತ್ತದೆ. 2012ರ ತಿದ್ದುಪಡಿ ಗೀತರಚನೆಕಾರರಿಗೂ ಸಂಗೀತ ಸಂಯೋಜಕರಿಗೂ, ಚಿತ್ರಮಂದಿರದ ಪ್ರದರ್ಶನದ ಆಚೆಗೆ ಹಾಡು ಬಳಕೆಯಾದಾಗಲೆಲ್ಲ ಗೌರವಧನದಲ್ಲಿ ಪಾಲು ಕೊಟ್ಟಿತು. ಸಣ್ಣ ಬಂಡವಾಳದ ನಿರ್ಮಾಪಕರು ಹಳೆಯ ಹಾಡಿನ ಹಕ್ಕಿಗೆ ಕೇಳಿದಷ್ಟು ತೆರಲು ಕಷ್ಟ ಎಂಬುದೂ ದಿಟ. ಅದಕ್ಕೆ ಪರಿಹಾರ ಕದ್ದು ಬಳಸುವುದಲ್ಲ. ದೃಶ್ಯದಲ್ಲಿ ರೇಡಿಯೊದಿಂದ ಕೇಳುವ ಕೆಲವು ಕ್ಷಣಗಳ ತುಣುಕಿಗೊಂದು ದರ, ಇಡೀ ಹಾಡಿನ ಮರುಬಳಕೆಗೆ ಇನ್ನೊಂದು ದರ ಎಂದು ಹಕ್ಕುದಾರ ಸಂಸ್ಥೆಗಳು ಮತ್ತು ಚಲನಚಿತ್ರ ವಾಣಿಜ್ಯ ಮಂಡಳಿ ಕೂತು ಬಹಿರಂಗವಾಗಿ ನಿಗದಿ ಮಾಡಬೇಕು.

ನಿರ್ದೇಶಕರಲ್ಲಿ ನನ್ನ ಕೇಳಿಕೆ ಚಿಕ್ಕದು. ಜನ ಪ್ರೀತಿಸಿದ ಹಾಡನ್ನು ಚಿತ್ರಕ್ಕೆ ತರುವ ಮುನ್ನ ಅದು ಅಲ್ಲಿ ಏನು ಕೆಲಸ ಮಾಡುತ್ತದೆ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಬಿಟ್ಟುಬಿಡಿ. ತಂದರೆ ಮೂಲ ಚಿತ್ರದ ಹೆಸರು, ಬರೆದವರು, ಸಂಗೀತ ಕೊಟ್ಟವರು, ಹಾಡಿದವರು ಎಲ್ಲರ ಹೆಸರನ್ನೂ ಶೀರ್ಷಿಕೆಯಲ್ಲಿ ಓದುವಷ್ಟು ದೊಡ್ಡ ಅಕ್ಷರದಲ್ಲಿ ಹಾಕಿ. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ವೇದಿಕೆಗಳಲ್ಲಿ ಹಾಡುವ ಕಲಾವಿದರೂ ಹಾಡು ಶುರುಮಾಡುವ ಮೊದಲು ಆ ಹೆಸರುಗಳನ್ನು ಹೇಳಲಿ. ಪ್ರೇಕ್ಷಕರೂ ಆ ಹೆಸರುಗಳನ್ನು ಕೇಳಿ ತಿಳಿದುಕೊಳ್ಳಲಿ. ಹಾಡು ಮಾಡಿದವರನ್ನು ಮರೆತು ಹಾಡನ್ನು ಮಾತ್ರ ಪ್ರೀತಿಸುವುದು ಅರ್ಧ ಪ್ರೀತಿ.