ಹಗ್ಗ ಹಿಡಿಯುವವರು ಬೇಕಾಗಿದ್ದಾರೆ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಶಿಲಾರೋಹಣದ ಮಾತೆತ್ತಿದರೆ ಮೊದಲು ಎದುರಾಗುವ ಪ್ರಶ್ನೆ: ‘ಹತ್ತಾಕ ಇಲ್ಲಿ ಬಂಡಿ ಎಲ್ಲದ?’ ಪ್ರಶ್ನೆ ನ್ಯಾಯವಾದದ್ದೇ. ಆಳಂದ, ಅಫಜಲಪುರದ ನೆಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಅದೇ ಸವೆದು ಎರೆಮಣ್ಣಾಗಿ ಇವತ್ತು ತೊಗರಿ, ಜೋಳ ಬೆಳೆಯುತ್ತಿದೆ. ಭೀಮೆ ದಾಟಿ ಜೇವರ್ಗಿಗೆ ಬಂದರೆ ಸುಣ್ಣಕಲ್ಲಿನ ಪದರುಗಳು. ಮನೆಗೆ ಹಾಸುವ ಶಹಾಬಾದಿ ಕಲ್ಲಿನ ಬಳಗ. ಹಾಸುವುದಕ್ಕೆ ಹೇಳಿ ಮಾಡಿಸಿದ ಕಲ್ಲು, ಹತ್ತುವುದಕ್ಕಲ್ಲ.

ಆದರೆ ಜೇವರ್ಗಿಯಿಂದ ತೆಂಕಣ ದಿಕ್ಕಿಗೆ ತಾಸೊಪ್ಪತ್ತು ಬಸ್ಸಿನಲ್ಲಿ ಕುಳಿತರೆ ನೆಲದ ಗುಣವೇ ಬೇರೆಯಾಗುತ್ತದೆ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲು, ಅದರಾಚೆ ಸುರಪುರದ ಗುಡ್ಡಗಳು, ಪೂರ್ವಕ್ಕೆ ತಲೆಯ ಮೇಲೆ ಕೋಟೆ ಹೊತ್ತು ನಿಂತ ಯಾದಗಿರಿ ಬೆಟ್ಟ. ಎಲ್ಲವೂ ಗಟ್ಟಿ ಗ್ರಾನೈಟ್ ಸೀಮೆ. ಅಂದರೆ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕಿನ ಹುಡುಗ ಹುಡುಗಿಯರಿಗೆ ಬಂಡೆ ಒಂದು ದಿನದ ಬುತ್ತಿ ಕಟ್ಟಿಕೊಂಡು ಹೋಗಿ ಬರುವಷ್ಟು ಹತ್ತಿರದಲ್ಲಿದೆ. ಕೊರತೆಯಿರುವುದು ಹತ್ತಿಸಲು ಬಲ್ಲವರದು.

ಬಂಡೆ ಹತ್ತುವುದೆಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್. ಅದು ಒಬ್ಬರ ಸಾಧನೆ. ಶಾಲೆಯೊಂದು ಅನುಸರಿಸುವ ಪಾಠವಲ್ಲ. ಮಕ್ಕಳಿಗೆ ಕಲಿಸುವ ಕ್ರಮಕ್ಕೆ ಟಾಪ್ ರೋಪ್ ಎನ್ನುತ್ತಾರೆ. ಬಂಡೆಯ ನೆತ್ತಿಯಲ್ಲಿ ಒಂದಕ್ಕೊಂದು ಆಸರೆಯಾಗುವಂತೆ ಕನಿಷ್ಠ ಎರಡು ಕಡೆ ಆಂಕರ್ ಕಟ್ಟಿ, ಅದರ ಮೂಲಕ ಹಗ್ಗ ಹಾಯಿಸಿ, ಎರಡೂ ತುದಿಗಳನ್ನು ಕೆಳಗೆ ಬಿಡುತ್ತಾರೆ. ಒಂದು ತುದಿ ಹತ್ತುವವರ ಸೊಂಟದ ಹಾರ್ನೆಸ್‌ಗೆ. ಇನ್ನೊಂದು ಬದಿ ನೆಲದ ಮೇಲೆ ನಿಂತವರ ಬಿಲೇ ಸಾಧನದೊಳಗೆ, ಅಂದರೆ ಹಗ್ಗವನ್ನು ತಡೆದು ಹಿಡಿಯುವ ಸಲಕರಣೆಯೊಳಗೆ. ಮೇಲಿನವರು ಏರಿದಂತೆ ಕೆಳಗಿನವರು ಸಡಿಲು ಹಗ್ಗವನ್ನು ಎಳೆದುಕೊಳ್ಳುತ್ತ ಹೋಗುತ್ತಾರೆ. ಕೈ ಜಾರಿದರೆ ಹುಡುಗ ಬೀಳುವುದು ಹಗ್ಗ ಹಿಗ್ಗುವಷ್ಟು ಮಾತ್ರ. ಬಾವಿಯ ಹೂಳೆತ್ತಲು ಇಳಿದವನ ಜೀವ ಮೇಲೆ ಹಗ್ಗ ಹಿಡಿದವನ ಕೈಯಲ್ಲಿರುವ ಹಾಗೆ, ಇಲ್ಲಿ ಹತ್ತಿದವನ ಜೀವ ಕೆಳಗೆ ನಿಂತವನ ಕೈಯಲ್ಲಿರುತ್ತದೆ.

ಒಳ್ಳೆಯ ಶಿಬಿರದ ಗುರುತು ಬಂಡೆಯ ಮೇಲಲ್ಲ, ಬಂಡೆಯ ಬುಡದಲ್ಲೇ ಸಿಗುತ್ತದೆ. ಹತ್ತುವ ಹುಡುಗಿ ಎಂಟರ ಆಕಾರದ ಗಂಟು ಹಾಕುತ್ತಾಳೆ. ತುದಿಯನ್ನು ಹಾರ್ನೆಸ್‌ನ ಕುಣಿಕೆಗಳಲ್ಲಿ ತೂರಿಸಿ, ಬಂದ ದಾರಿಯಲ್ಲೇ ವಾಪಸು ಹೆಣೆದು, ಒಂದು ಗೇಣು ಬಾಲ ಉಳಿಸುತ್ತಾಳೆ. ಜೊತೆಗಾರ್ತಿ ಆ ಗಂಟಿನ ಜೋಡಿ ಎಳೆಗಳನ್ನು ಬೆರಳಿನಿಂದ ಎಣಿಸುತ್ತಾಳೆ. ಬಕಲ್ ಎಳೆದು ನೋಡುತ್ತಾಳೆ. ಹೆಲ್ಮೆಟ್ ಪಟ್ಟಿ ಬಿಗಿಯಿದೆಯೇ ಎಂದು ಗದ್ದದಡಿ ಬೆರಳು ತೂರಿಸುತ್ತಾಳೆ. ಹತ್ತುವವಳು ತಿರುಗಿ ಅವಳ ಕ್ಯಾರಾಬೀನರ್ ಕೊಂಡಿ ಹಿಂಡಿ, ಬೀಗ ಬಿದ್ದಿದೆಯೇ ಎಂದು ಪರೀಕ್ಷಿಸುತ್ತಾಳೆ. ಆಮೇಲೆ ಮಾತಿನ ವಿನಿಮಯ: ‘ಬಿಲೇ ಸಿದ್ಧವೇ?’ ‘ಸಿದ್ಧ.’ ‘ಹತ್ತುತ್ತೇನೆ.’ ‘ಹತ್ತು.’ ಉತ್ತರ ಬರುವವರೆಗೆ ಕಾಲು ನೆಲ ಬಿಡುವಂತಿಲ್ಲ. ಬಿಲೇ ಹಿಡಿದವಳ ಬ್ರೇಕಿನ ಕೈ ಹಗ್ಗದಿಂದ ಕದಲುವಂತಿಲ್ಲ, ಮೂಗಿನ ಮೇಲೆ ನೊಣ ಕೂತರೂ. ಹೊಸಬರಾಗಿದ್ದರೆ ಅವಳ ಹಿಂದೆ ಇನ್ನೊಬ್ಬರು ಹಗ್ಗದ ಬಾಲ ಹಿಡಿದು ನಿಲ್ಲುತ್ತಾರೆ. ಅನುಭವಿ ತರಬೇತುದಾರರು ಇದಕ್ಕೂ ಮೊದಲೇ, ಬೆಳಿಗ್ಗೆ ಚೀಲ ಬಿಚ್ಚಿದೊಡನೆ, ಇಡೀ ಹಗ್ಗವನ್ನು ಹೆಬ್ಬೆರಳು ತೋರುಬೆರಳ ನಡುವೆ ಗೇಣು ಗೇಣಾಗಿ ಹಾಯಿಸಿರುತ್ತಾರೆ. ಒಳಗಿನ ಎಳೆ ಪೆಟ್ಟು ತಿಂದಿದ್ದರೆ ಅಲ್ಲಿ ಹಗ್ಗ ಮೆತ್ತಗಾಗಿರುತ್ತದೆ. ಕಣ್ಣಿಗೆ ಕಾಣದ್ದು ಬೆರಳಿಗೆ ತಿಳಿಯುತ್ತದೆ.

ಹಗ್ಗವೂ ಸಂತೆಯಲ್ಲಿ ಸಿಗುವ ಹಗ್ಗವಲ್ಲ. ಬೀಳುವವರ ಭಾರವನ್ನು ಹಿಗ್ಗಿ ನುಂಗುವ ಡೈನಮಿಕ್ ಹಗ್ಗಕ್ಕೆ ಯುರೋಪಿನ ಮಾನದಂಡ ಇ.ಎನ್. 892. 80 ಕಿಲೊ ತೂಕವನ್ನು ಕಟ್ಟಿ ಮೇಲಿಂದ ಬೀಳಿಸುವ ಕಠಿಣ ಪರೀಕ್ಷೆಯಲ್ಲಿ ಕನಿಷ್ಠ 5 ಬೀಳುವಿಕೆಗಳನ್ನು ತಡೆದರಷ್ಟೇ ಅದಕ್ಕೆ ಮುದ್ರೆ. ಕ್ಯಾರಾಬೀನರ್ ಉದ್ದಕ್ಕೆ 20 ಕಿಲೊನ್ಯೂಟನ್, ಅಂದರೆ ಸುಮಾರು 2 ಟನ್ ಎಳೆತ ತಾಳಬೇಕು. ಅದೇ ಕೊಂಡಿಯ ಬಾಯಿ ತೆರೆದುಕೊಂಡಿದ್ದರೆ ಬೇಕಾದ ಕನಿಷ್ಠ ತಾಳಿಕೆ 7 ಕಿಲೊನ್ಯೂಟನ್‌ಗೆ ಇಳಿಯುತ್ತದೆ. ಬೀಗ ಬಿದ್ದಿದೆಯೇ ಎಂದು ಹಿಂಡಿ ನೋಡುವ ಶಿಸ್ತಿನ ಹಿಂದಿರುವುದು ಇದೇ ಲೆಕ್ಕ. ಒಮ್ಮೆಯೂ ಬಳಸದಿದ್ದರೂ 10 ವರ್ಷ ದಾಟಿದ ಹಗ್ಗವನ್ನು ಬದಿಗಿಡಿ ಎಂದು ತಯಾರಕರು ಹೇಳುತ್ತಾರೆ.

ಇದನ್ನೆಲ್ಲ ಕಲಿಯುವುದೆಲ್ಲಿ? ರಾಜ್ಯದಲ್ಲಿ ಮೊದಲು ಹೇಳಬೇಕಾದ ಹೆಸರು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಕೆ.ಎಸ್. ತಿಮ್ಮಯ್ಯ ಅವರ ಹೆಸರಿನ ಈ ಸಂಸ್ಥೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿಯಲ್ಲಿದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಕೃತಕ ಗೋಡೆಯಲ್ಲೂ ಬಾದಾಮಿಯ ಕೆಂಪು ಮರಳುಗಲ್ಲಿನಲ್ಲೂ ಅದರ ತರಬೇತಿ ನಡೆದುಕೊಂಡು ಬಂದಿದೆ. ಚಾಲುಕ್ಯರು ಗುಹಾಲಯ ಕೊರೆದ ಸೀಮೆಯ ಈ ಬಂಡೆಗಳನ್ನು ಹುಡುಕಿಕೊಂಡು ಈಗ ಹೊರದೇಶದ ಆರೋಹಿಗಳೂ ಬರುತ್ತಾರೆ. ಅಲ್ಲಿ ಕಲಿಯುವ ಮೊದಲ ಎರಡು ನಿಯಮಗಳು ಹತ್ತುವುದಕ್ಕೆ ಸಂಬಂಧಿಸಿದ್ದೇ ಅಲ್ಲ: ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗಕ್ಕೆ ಕೈ ಹಚ್ಚಬೇಡಿ, ಮಳೆ ಬಿದ್ದ ಮೇಲೆ ಬಂಡೆ ಒಣಗುವ ತನಕ ಕಾಯಿರಿ. ಒದ್ದೆಯಾದ ಮರಳುಗಲ್ಲು ಬಲ ಕಳೆದುಕೊಂಡು ಹಿಡಿಕೆ ಸಮೇತ ಕಿತ್ತು ಬರಬಹುದು.

ಕಲಿಸುವವರಾಗಲು ಏರಬೇಕಾದ ಮೆಟ್ಟಿಲುಗಳು ಹಿಮಾಲಯದ ಸಂಸ್ಥೆಗಳಲ್ಲಿವೆ. ತೇನ್‌ಸಿಂಗ್ ಎವರೆಸ್ಟ್ ಏರಿದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಮೌಂಟೆನಿಯರಿಂಗ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. 1965ರಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ. ಮೊದಲು ಬೇಸಿಕ್ ಕೋರ್ಸ್. ಅದರಲ್ಲಿ ‘ಎ’ ದರ್ಜೆ ಸಿಕ್ಕರೆ ಅಡ್ವಾನ್ಸ್ಡ್. ಅಲ್ಲೂ ‘ಎ’ ದರ್ಜೆ ಪಡೆದರೆ ಬೋಧನಾ ವಿಧಾನದ ಕೋರ್ಸ್. ಉತ್ತರಕಾಶಿಯಲ್ಲಿ ಮಂಜಿನ ಮೇಲೆ ಕಾಲಿಡುವ ಮೊದಲು ತೇಖಲಾದ ಬಂಡೆಗಳ ಮೇಲೆ ದಿನಗಟ್ಟಲೆ ಹತ್ತಿ ಇಳಿಯಬೇಕು. ಚೆನ್ನಾಗಿ ಹತ್ತುವವರು ಸಿಗುತ್ತಾರೆ; ಹತ್ತಿಸಲು ಬಲ್ಲವರು ಇಷ್ಟು ಜರಡಿಗಳನ್ನು ದಾಟಿ ಬಂದವರು. ಹೆದರಿ ಬಂಡೆಯ ನಡುವೆ ಗಟ್ಟಿಯಾಗಿ ಅಂಟಿಕೊಂಡ ಹುಡುಗನನ್ನು ಗದರದೆ ಇಳಿಸಿಕೊಳ್ಳುವುದು, ಗಾಯಗೊಂಡವರನ್ನು ಹಗ್ಗದಲ್ಲೇ ಕೆಳಗೆ ತರುವುದು, ‘ಇವತ್ತು ಬೇಡ’ ಎಂದು ಬಸ್ಸು ತಿರುಗಿಸುವುದು ಅವರ ನಿಜವಾದ ಪರೀಕ್ಷೆ.

ಕಲಿಸುವವರ ಅರ್ಹತೆ ಕಾಗದದ ಮಾತಲ್ಲವೆಂದು ಬ್ರಿಟನ್ ಕಲಿತದ್ದು ದುಬಾರಿ ಬೆಲೆ ತೆತ್ತು. 1993ರ ಮಾರ್ಚ್‌ನಲ್ಲಿ ಲೈಮ್ ಕೊಲ್ಲಿಯಲ್ಲಿ ಸಾಹಸ ಶಿಬಿರಕ್ಕೆ ಬಂದಿದ್ದ ನಾಲ್ವರು ಶಾಲಾ ಮಕ್ಕಳು ದೋಣಿ ವಿಹಾರದಲ್ಲಿ ಸತ್ತರು. ಜೊತೆಗಿದ್ದ ಬೋಧಕರ ತರಬೇತಿ ತೀರಾ ಆರಂಭದ ಮಟ್ಟದ್ದಾಗಿತ್ತು. 1995ರಲ್ಲಿ ಕಾನೂನು ಬಂತು. ಮಕ್ಕಳಿಗೆ ಇಂಥ ಸಾಹಸ ಕಲಿಸುವ ಕೇಂದ್ರಗಳಿಗೆ ಪರವಾನಗಿ ಕಡ್ಡಾಯವಾಯಿತು. ನಮ್ಮಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಹೊರತಂದ ಸಾಹಸ ಪ್ರವಾಸೋದ್ಯಮದ ಮಾರ್ಗಸೂಚಿಯಲ್ಲಿ ಶಿಲಾರೋಹಣದ ಸುರಕ್ಷತೆಯೂ ಸೇರಿದೆ. ಶಾಲೆಯ ಪ್ರವಾಸ ಗೊತ್ತು ಮಾಡುವ ಮುಖ್ಯಗುರುಗಳು ಅದನ್ನೊಮ್ಮೆ ತಿರುವಿ ಹಾಕಿದರೆ ಒಳ್ಳೆಯದು.

ನಮ್ಮ ಸೀಮೆಗೆ ಇನ್ನೂ ಎರಡು ಎಚ್ಚರಿಕೆ ಬೇಕು. ಒಂದು ಬಿಸಿಲು: ಬೇಸಿಗೆಯಲ್ಲಿ ಇಲ್ಲಿನ ಕಲ್ಲು ಅಂಗೈ ಸುಡುತ್ತದೆ, ಆದ್ದರಿಂದ ದಸರೆಯಿಂದ ಶಿವರಾತ್ರಿಯವರೆಗಿನ ಮುಂಜಾವುಗಳೇ ಹಂಗಾಮು. ಇನ್ನೊಂದು ಹೆಜ್ಜೇನು: ಬಂಡೆಯ ಚಾಚಿನ ಕೆಳಗೆ ಹುಟ್ಟಿ ಕಂಡರೆ ಆ ಬದಿಯನ್ನೇ ಬಿಟ್ಟುಬಿಡಬೇಕು. ಹಗ್ಗಕ್ಕೆ ಕಟ್ಟಿಸಿಕೊಂಡವರು ಓಡಿ ತಪ್ಪಿಸಿಕೊಳ್ಳಲಾರರು.

ಈ ಮೂರು ತಾಲ್ಲೂಕಿನಲ್ಲಿ ಬೀಜ ಈಗಾಗಲೇ ಬಿದ್ದಿದೆ. ಶಾಲೆಗಳಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು ಸೋಪಾನ ಪರೀಕ್ಷೆಗೆಂದು ರೀಫ್ ನಾಟ್, ಕ್ಲೋವ್ ಹಿಚ್, ಬೋಲೈನ್ ಕಲಿಯುತ್ತಾರೆ; ಕಾಲೇಜುಗಳಲ್ಲಿ ಎನ್‌ಸಿಸಿ, ಎನ್‌ಎಸ್‌ಎಸ್ ಇವೆ. ಕಟ್ಟಿಗೆಯ ಹೊರೆ ಕಟ್ಟಲು ಒಗ್ಗುವ ರೀಫ್ ಗಂಟನ್ನು ಜೀವಭಾರಕ್ಕೆ ಎಂದೂ ನೆಚ್ಚಬಾರದೆಂಬ ಮುಂದಿನ ಪಾಠ ಹೇಳುವವರು ಬೇಕು. ಬಿಲೇ ಕಲಿಯಲು ಬೆಟ್ಟವೂ ಬೇಡ. ಮೈದಾನದಲ್ಲಿ ಸಪಾಟು ನೆಲದ ಮೇಲೆ ಒಬ್ಬರು ನಡೆಯುತ್ತ, ಇನ್ನೊಬ್ಬರು ಹಗ್ಗ ಎಳೆದುಕೊಳ್ಳುತ್ತ ತಿಂಗಳುಗಟ್ಟಲೆ ಅಭ್ಯಾಸ ಮಾಡಬಹುದು.

ಈ ಆಟಕ್ಕೆ ಕಟ್ಟುಮಸ್ತು ಮೈಯೇ ಬೇಕೆಂದೂ ಇಲ್ಲ. ಪೋಲಿಯೊ ಬಾಧಿತ ಕಾಲಿನ ಬೆಂಗಳೂರಿನ ಮಣಿಕಂಠನ್ ಕುಮಾರ್ 2012ರಲ್ಲಿ ಪ್ಯಾರಿಸ್‌ನ ವಿಶ್ವ ಪ್ಯಾರಾ ಕ್ಲೈಂಬಿಂಗ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. ಟೋಕಿಯೊದಿಂದೀಚೆಗೆ ಕ್ಲೈಂಬಿಂಗ್ ಒಲಿಂಪಿಕ್ಸ್ ಕ್ರೀಡೆಯೂ ಹೌದು.

ಸಾಹಸ ಕ್ರೀಡೆಗೆ ಅನುದಾನವೆಂದರೆ ನಮ್ಮ ಕಡೆ ಮೊದಲು ಏಳುವುದು ಗೋಡೆ. ರಿಬ್ಬನ್ ಕತ್ತರಿಸಲು ಗೋಡೆ ಚೆಂದ. ಬಿಲೇ ಹಿಡಿಯುವವರಿಲ್ಲದಿದ್ದರೆ ಅದಕ್ಕೆ ಬೀಗ ಬೀಳುತ್ತದೆ, ಇಲ್ಲವೇ ಯಾರೋ ಬೀಗ ಮುರಿದು ಹತ್ತಿ ಬೀಳುತ್ತಾರೆ. ಗೋಡೆಗೆ ಮುಂಚೆ ತಾಲ್ಲೂಕಿಗೆ ಇಬ್ಬರಂತೆ ಆರು ದೈಹಿಕ ಶಿಕ್ಷಕರನ್ನು, ಅವರಲ್ಲಿ ಮೂವರಾದರೂ ಮಹಿಳೆಯರಿರುವಂತೆ, ಬಾದಾಮಿಗೂ ಅಲ್ಲಿಂದ ಉತ್ತರಕಾಶಿಗೂ ಕಳಿಸಲಿ. ಅವರು ಕಲಿತು ಬರಲು ಎರಡು ಮೂರು ವರ್ಷ ಹಿಡಿಯುತ್ತದೆ. ಅಷ್ಟು ಕಾಯುವ ತಾಳ್ಮೆ ಇದ್ದರೆ, ಶಹಾಪುರದ ಬೆಟ್ಟಕ್ಕೆ ಮಕ್ಕಳನ್ನು ಕಳಿಸಿಕೊಡುವಾಗ ತಾಯಿತಂದೆ ‘ಯಾರು ಕರಕೊಂಡು ಹೋಗ್ತಾರ?’ ಎಂದು ಕೇಳುವ ಪ್ರಶ್ನೆಗೆ ಊರಿನದೇ ಒಂದು ಹೆಸರು ಉತ್ತರವಾಗಿ ಸಿಗುತ್ತದೆ.